ಮರಳಿ ಬರುವವನಿಗೆ ಬಾಗಿಲು ತೆರೆದಿಡೋಣ

ನಮ್ಮ ಕೊಲ್ಲಾಪುರ ಜಿಲ್ಲೆಗೆ ಸಮುದ್ರವಿಲ್ಲ. ಘಟ್ಟ ಇಳಿದು ರತ್ನಾಗಿರಿಗೋ ಮಾಲವಣಕ್ಕೋ ಹೋದರೆ ಮಾತ್ರ ಅದರ ದರ್ಶನ. ನಮ್ಮ ಮಕ್ಕಳಿಗೆ ನೀರು ಅಂದರೆ ಪಂಚಗಂಗೆ, ಹಿರಣ್ಯಕೇಶಿ, ಊರ ಬಾವಿ. ನೀರಿನ ಭಯ ಅಂದರೆ 2019 ಮತ್ತು 2021ರ ಮಹಾಪೂರ. ಹೀಗಿರುವಾಗ ಇಂಗ್ಲೆಂಡಿನ ಒಬ್ಬ ಮನುಷ್ಯ ಒಂಟಿಯಾಗಿ ಹಾಯಿದೋಣಿ ಹತ್ತಿ ಹೋಗಿ ಮರಳಿ ಬಾರದ ಸಿನಿಮಾದ ಬಗ್ಗೆ ಕನ್ನಡ ಶಾಲೆಯ ಮಾಸ್ತರರಾದ ನಾವು ಬರೆಯುವುದೇನಿದೆ ಅಂತ ನೀವು ಕೇಳಬಹುದು. ಕೇಳುವುದು ಸರಿಯೇ. ಆದರೆ ಈ ಸಿನಿಮಾ ಸಮುದ್ರದ ಬಗ್ಗೆ ಇರುವುದಕ್ಕಿಂತ ಒಂದು ಪುಸ್ತಕದ ಬಗ್ಗೆ ಇದೆ. ಪ್ರತಿದಿನ ಬರೆಯಬೇಕಾದ, ಬೇರೆ ಯಾರೂ ನೋಡದ, ಸುಳ್ಳು ಬರೆದರೂ ಆ ಕ್ಷಣಕ್ಕೆ ನಡೆದುಹೋಗುವ ಒಂದು ದಾಖಲೆ ಪುಸ್ತಕ. ಅಂಥ ಪುಸ್ತಕಗಳ ನಡುವೆಯೇ ನಮ್ಮ ಅರ್ಧ ಆಯುಷ್ಯ ಕಳೆದಿದೆ. ಅದಕ್ಕೇ ಬರೆಯಬೇಕು ಅನ್ನಿಸಿತು.

ಸಿನಿಮಾದ ಹೆಸರು 'ದ ಮರ್ಸಿ'. 2018ರಲ್ಲಿ ಬಂದದ್ದು. ನಿರ್ದೇಶಕ ಜೇಮ್ಸ್ ಮಾರ್ಶ್. ಡೊನಾಲ್ಡ್ ಕ್ರೌಹರ್ಸ್ಟ್ ಎಂಬ ನಿಜವಾದ ಮನುಷ್ಯನ ಪಾತ್ರವನ್ನು ಕಾಲಿನ್ ಫರ್ತ್, ಆತನ ಹೆಂಡತಿ ಕ್ಲೇರ್ ಪಾತ್ರವನ್ನು ರೇಚಲ್ ವೈಸ್ ಮಾಡಿದ್ದಾರೆ. ಮರ್ಸಿ ಅಂದರೆ ಕರುಣೆ. ಆತ ಕೊನೆಗೆ ಬರೆದಿಟ್ಟು ಹೋದ ಪುಟಗಳಲ್ಲಿ ಬರುವ ಶಬ್ದ ಅದು. ಹಾಡಿಲ್ಲ, ಹೊಡೆದಾಟವಿಲ್ಲ. ಕಥೆ ಗೊತ್ತಿಲ್ಲದವರಿಗೆ ಮೊದಲ ಅರ್ಧ ಗಂಟೆ ಸ್ವಲ್ಪ ಸಪ್ಪೆ ಅನ್ನಿಸೀತು. ಆದ್ದರಿಂದ ಮೊದಲು ಕಥೆಯನ್ನೇ ಹೇಳಿಬಿಡುತ್ತೇವೆ.

ಈ ಕ್ರೌಹರ್ಸ್ಟ್ ನಮಗೆ ಪೂರ್ತಿ ಪರಕೀಯನೂ ಅಲ್ಲ. ಹುಟ್ಟಿದ್ದು 1932ರಲ್ಲಿ, ನಮ್ಮ ದೇಶದ ಗಾಜಿಯಾಬಾದಿನಲ್ಲಿ. ಅಪ್ಪ ರೈಲ್ವೆ ನೌಕರ. ಸ್ವಾತಂತ್ರ್ಯ ಬಂದಾಗ ಕುಟುಂಬ ಇಂಗ್ಲೆಂಡಿಗೆ ಮರಳಿತು. ಅಪ್ಪ ಉಳಿತಾಯದ ಹಣವನ್ನೆಲ್ಲ ಇಲ್ಲಿಯ ಆಟದ ಸಾಮಾನಿನ ಕಾರಖಾನೆಯೊಂದರಲ್ಲಿ ಹಾಕಿದ್ದರು. ವಿಭಜನೆಯ ಗಲಭೆಯಲ್ಲಿ ಅದು ಸುಟ್ಟುಹೋಯಿತು. ಹಣ ಹೋಯಿತು, ಸ್ವಲ್ಪ ದಿನದಲ್ಲೇ ಅಪ್ಪನೂ ಹೋದರು. ಇಂಥ ಮನೆಯಿಂದ ಬಂದ ಹುಡುಗ ಮುಂದೆ ಎಲೆಕ್ಟ್ರಾನಿಕ್ ಉಪಕರಣ ಮಾಡುವ ಒಂದು ಸಣ್ಣ ಕಂಪನಿ ತೆಗೆದ. ದೋಣಿಯಲ್ಲಿ ಕೂತು ದಿಕ್ಕು ಕಂಡುಹಿಡಿಯಲು 'ನ್ಯಾವಿಕೇಟರ್' ಎಂಬ ಯಂತ್ರ ಮಾಡಿದ. ತಲೆ ಚುರುಕು, ಕೈ ಚಳಕ ಎರಡೂ ಇದ್ದವು. ವ್ಯಾಪಾರ ಮಾತ್ರ ಕುಂಟುತ್ತಿತ್ತು. ಮನೆಯಲ್ಲಿ ಹೆಂಡತಿ, ನಾಲ್ಕು ಮಕ್ಕಳು. ದೋಣಿ ನಡೆಸುವುದು ರವಿವಾರದ ಹವ್ಯಾಸ.

1968ರಲ್ಲಿ ಲಂಡನ್ನಿನ 'ಸಂಡೇ ಟೈಮ್ಸ್' ಪತ್ರಿಕೆ ಒಂದು ಪಂದ್ಯ ಸಾರಿತು. ಒಬ್ಬನೇ, ಎಲ್ಲಿಯೂ ನಿಲ್ಲದೆ, ಯಾರ ಸಹಾಯವನ್ನೂ ಪಡೆಯದೆ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿ ಬರಬೇಕು. ಆ ವರೆಗೆ ಯಾರೂ ಮಾಡಿರದ ಕೆಲಸ. ಮೊದಲು ಬಂದವನಿಗೆ ಗೋಲ್ಡನ್ ಗ್ಲೋಬ್, ಅತಿ ವೇಗವಾಗಿ ಬಂದವನಿಗೆ 5000 ಪೌಂಡ್. ಜೂನ್ 1ರಿಂದ ಅಕ್ಟೋಬರ್ 31ರ ಒಳಗೆ ಯಾವಾಗ ಬೇಕಾದರೂ ಹೊರಡಬಹುದು. ಕ್ರೌಹರ್ಸ್ಟ್ ಹೆಸರು ಕೊಟ್ಟ. ಗೆದ್ದರೆ ಹೆಸರು ಬರುತ್ತದೆ, ಯಂತ್ರ ಮಾರಾಟವಾಗುತ್ತದೆ, ಸಾಲ ತೀರುತ್ತದೆ. ಲೆಕ್ಕ ಕಾಗದದ ಮೇಲೆ ಚೊಕ್ಕಾಗಿಯೇ ಇತ್ತು.

ಹಣ ಹಾಕಿದ ಸಾಹುಕಾರ ಸ್ಟ್ಯಾನ್ಲಿ ಬೆಸ್ಟ್ ಒಂದು ಕರಾರು ಬರೆಸಿಕೊಂಡ. ಪಂದ್ಯ ಅರ್ಧಕ್ಕೆ ಬಿಟ್ಟರೆ ದೋಣಿಯ ಪೂರ್ತಿ ಹಣವನ್ನು ಕ್ರೌಹರ್ಸ್ಟನೇ ಮರಳಿಸಬೇಕು. ಅಂದರೆ ಕಂಪನಿ ಹೋಯಿತು, ಮನೆ ಹೋಯಿತು, ಹೆಂಡತಿ ಮಕ್ಕಳು ಬೀದಿಗೆ ಬಿದ್ದರು. ಇನ್ನೊಂದು ಕಡೆ ಪ್ರಚಾರದ ಕೆಲಸಕ್ಕೆ ರಾಡ್ನಿ ಹಾಲ್‌ವರ್ತ್ ಎಂಬ ಪತ್ರಕರ್ತ ನಿಂತ. ಕ್ರೌಹರ್ಸ್ಟ್ ಇನ್ನೂ ದೋಣಿ ಹತ್ತುವ ಮೊದಲೇ ಆತನನ್ನು ವೀರನನ್ನಾಗಿ ಮಾಡಿಟ್ಟ. ಮೂರು ಒಡಲಿನ, ಸುಮಾರು 40 ಅಡಿಯ ಆ ದೋಣಿಯ ಹೆಸರು 'ಟೈನ್‌ಮತ್ ಎಲೆಕ್ಟ್ರಾನ್'. ಅವಸರದಲ್ಲಿ ಕಟ್ಟಿದ್ದು. ಸ್ಕ್ರೂ ಸಡಿಲಾಗುತ್ತಿದ್ದವು, ನೀರು ಒಳಗೆ ಜಿನುಗುತ್ತಿತ್ತು. ಹೊರಡುವ ಹಿಂದಿನ ರಾತ್ರಿ ಆತ ಹೆಂಡತಿಯ ಎದುರು ದೋಣಿ ಸರಿಯಿಲ್ಲ ಅಂತ ಹೇಳಿ ಅತ್ತನಂತೆ. ಆದರೂ ಬೆಳಗಾದ ಮೇಲೆ ಹೊರಟ. ದಿನಾಂಕ 31 ಅಕ್ಟೋಬರ್ 1968. ನಿಯಮದ ಕೊನೆಯ ದಿನ.

ಎರಡು ವಾರದಲ್ಲೇ ಆತನಿಗೆ ತಿಳಿಯಿತು. ಈ ದೋಣಿ ದಕ್ಷಿಣ ಮಹಾಸಾಗರದ ಅಲೆಗೆ ಹೋದರೆ ಸಾವು, ಹಿಂತಿರುಗಿದರೆ ದಿವಾಳಿ ಮತ್ತು ನಗೆಪಾಟಲು. ಮುಂದೆಯೂ ಹೋಗಲಾಗದು, ಹಿಂದೆಯೂ ಬರಲಾಗದು. ಆಗ ಆತ ಮೂರನೇ ದಾರಿ ಹುಡುಕಿದ. ಡಿಸೆಂಬರಿನಲ್ಲಿ ಒಂದೇ ದಿನ 243 ಮೈಲಿ ಸಾಗಿದೆ ಅಂತ ರೇಡಿಯೊದಲ್ಲಿ ಸುದ್ದಿ ಕಳಿಸಿದ. ಅದು ದಾಖಲೆಯ ವೇಗ. ಪತ್ರಿಕೆಗಳು ಕುಣಿದಾಡಿದವು. ನಿಜವಾಗಿ ಆತ ಅಟ್ಲಾಂಟಿಕ್ ಬಿಟ್ಟು ಹೊರಗೇ ಹೋಗಲಿಲ್ಲ. ತಾನಿರುವ ನಿಜವಾದ ಜಾಗಕ್ಕೆ ಒಂದು ಪುಸ್ತಕ, ಜಗತ್ತಿಗೆ ತೋರಿಸುವ ಜಾಗಕ್ಕೆ ಇನ್ನೊಂದು ಲೆಕ್ಕ. ಜನವರಿಯಿಂದ ರೇಡಿಯೊ ಬಂದ್ ಮಾಡಿದ. ಮಾರ್ಚ್ 1969ರಲ್ಲಿ ನಿಯಮ ಮುರಿದು ಅರ್ಜೆಂಟೀನಾದ ಒಂದು ಸಣ್ಣ ಊರಿನಲ್ಲಿ ಗುಟ್ಟಾಗಿ ದಡ ಹತ್ತಿ ದೋಣಿ ರಿಪೇರಿ ಮಾಡಿಕೊಂಡ. ಉಳಿದವರು ಭೂಮಿ ಸುತ್ತಿ ಅಟ್ಲಾಂಟಿಕ್‌ಗೆ ಮರಳುವ ಹೊತ್ತಿಗೆ ಸದ್ದಿಲ್ಲದೆ ಅವರ ಹಿಂದೆ ಸೇರಿಕೊಳ್ಳುವುದು ಆತನ ಆಲೋಚನೆ. ಕೊನೆಯವನಾಗಿ ಬಂದವನ ಪುಸ್ತಕವನ್ನು ಯಾರು ಬಿಚ್ಚಿ ನೋಡುತ್ತಾರೆ?

ಇಲ್ಲಿ ನಮ್ಮನ್ನು ಬೆರಗುಗೊಳಿಸಿದ ಒಂದು ಸಂಗತಿ ಇದೆ. ಸಮುದ್ರದಲ್ಲಿ ಸೂರ್ಯನ ಎತ್ತರ ಅಳೆದು, ಕೋಷ್ಟಕ ನೋಡಿ, ಅಕ್ಷಾಂಶ ರೇಖಾಂಶ ತೆಗೆಯುವುದು ಸರಿಯಾದ ಲೆಕ್ಕ. ಸುಳ್ಳು ಬರೆಯಬೇಕಾದರೆ ಅದನ್ನು ತಲೆಕೆಳಗು ಮಾಡಬೇಕು. ಮೊದಲು ಸುಳ್ಳು ಜಾಗ ಇಟ್ಟುಕೊಂಡು, ಆ ಜಾಗದಲ್ಲಿ ಆ ಹೊತ್ತಿಗೆ ಸೂರ್ಯ ಎಷ್ಟು ಎತ್ತರದಲ್ಲಿ ಕಾಣಬೇಕಿತ್ತು ಅಂತ ಹಿಂದಿನಿಂದ ಲೆಕ್ಕ ಹಾಕಬೇಕು. ನಿಜ ಬರೆಯುವುದಕ್ಕಿಂತ ಇದು ಎಷ್ಟೋ ಪಾಲು ಕಠಿಣ. ಅಷ್ಟು ಜಾಣತನ ಇದ್ದ ಮನುಷ್ಯ ಅದನ್ನೆಲ್ಲ ಸುಳ್ಳಿಗೆ ಸುರಿದ. ಗಣಿತ ಕಲಿಸುವ ನಮಗೆ ಇದು ಹೊಟ್ಟೆ ಉರಿಸುವ ಮಾತು.

ಮುಂದಿನದು ಕೇಳಿ. ಪಂದ್ಯದಲ್ಲಿ ನೈಜೆಲ್ ಟೆಟ್ಲಿ ಎಂಬ ಇನ್ನೊಬ್ಬನಿದ್ದ. ಆತನದೂ ಮೂರು ಒಡಲಿನದೇ ದೋಣಿ, ಹೆಸರು 'ವಿಕ್ಟ್ರೆಸ್'. ಆತ ನಿಜವಾಗಿಯೇ ದಕ್ಷಿಣ ಸಾಗರಗಳನ್ನೆಲ್ಲ ದಾಟಿ ಬಂದಿದ್ದ. ದೋಣಿ ಜೀರ್ಣವಾಗಿತ್ತು. ನಿಧಾನವಾಗಿ ಬಂದಿದ್ದರೆ ಮನೆ ಮುಟ್ಟುತ್ತಿದ್ದನೋ ಏನೋ. ಆದರೆ ಹಿಂದಿನಿಂದ ಕ್ರೌಹರ್ಸ್ಟ್ ಭಾರಿ ವೇಗದಲ್ಲಿ ಬರುತ್ತಿದ್ದಾನೆ ಅಂತ ಸುದ್ದಿ. ಟೆಟ್ಲಿ ದೋಣಿಯನ್ನು ಜೋರಾಗಿ ಓಡಿಸಿದ. 1969ರ ಮೇ 21ರಂದು, ಮನೆಗೆ ಇನ್ನು ಸುಮಾರು 1100 ನಾಟಿಕಲ್ ಮೈಲಿ ಇರುವಾಗ, ದೋಣಿ ಒಡೆದು ಮುಳುಗಿತು. ಆತ ಬದುಕಿದ್ದೇ ದೊಡ್ಡದು. ಒಬ್ಬನು ಎಲ್ಲೋ ಕೂತು ಬರೆದ ಸುಳ್ಳು ಅಂಕಿ, ಸಾವಿರಾರು ಮೈಲಿ ಆಚೆ ನಿಯತ್ತಿನಿಂದ ಬಂದ ಇನ್ನೊಬ್ಬನ ದೋಣಿಯನ್ನು ಮುಳುಗಿಸಿತು. ಸಿನಿಮಾದಲ್ಲಿ ಇದು ಹಾದುಹೋಗುವ ಒಂದು ಸುದ್ದಿ ಅಷ್ಟೇ. ನಮಗೆ ಇಡೀ ಕಥೆಯ ಹೊಟ್ಟೆಯೇ ಇದು ಅನ್ನಿಸುತ್ತದೆ.

ಟೆಟ್ಲಿ ಮುಳುಗಿದ ಮೇಲೆ ವೇಗದ ಬಹುಮಾನ ಕ್ರೌಹರ್ಸ್ಟನಿಗೇ ಅಂತ ಎಲ್ಲರೂ ನಂಬಿದರು. ಊರಲ್ಲಿ ಸ್ವಾಗತದ ಸಿದ್ಧತೆ ನಡೆಯಿತು. ಆದರೆ ಗೆದ್ದವನ ಪುಸ್ತಕವನ್ನು ತಜ್ಞರು ಪರೀಕ್ಷೆ ಮಾಡದೆ ಬಿಡುತ್ತಾರೆಯೇ? ಸೋಲಲಿಕ್ಕೂ ಆಗಲಿಲ್ಲ, ಗೆಲ್ಲಲಿಕ್ಕೂ ಆಗಲಿಲ್ಲ. ಆತನ ಕೊನೆಯ ಬರಹ 1969ರ ಜುಲೈ 1ರದು. ಜುಲೈ 10ರಂದು 'ಪಿಕಾರ್ಡಿ' ಎಂಬ ಅಂಚೆ ಹಡಗಿಗೆ ಆ ದೋಣಿ ಸಿಕ್ಕಿತು. ದೋಣಿ ಇತ್ತು, ಪುಸ್ತಕಗಳಿದ್ದವು, ಮನುಷ್ಯ ಇರಲಿಲ್ಲ. ದೇಹವೂ ಸಿಗಲಿಲ್ಲ.

ಈ ಸಿನಿಮಾ ನೋಡಿದವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಒಂದು, ಆತ ಮೋಸಗಾರ, ಮಾಡಿದ್ದುಣ್ಣೋ ಮಹಾರಾಯ. ಇನ್ನೊಂದು, ಪಾಪ, ಸಾಹುಕಾರ ಮತ್ತು ಪತ್ರಿಕೆಯವರು ಸೇರಿ ಕೊಂದರು. ಸಿನಿಮಾ ಎರಡನೇ ಮಾತಿನ ಕಡೆಗೆ ವಾಲುತ್ತದೆ. ಕೊನೆಯಲ್ಲಿ ಕ್ಲೇರ್ ತನ್ನ ಮನೆ ಬಾಗಿಲಿಗೆ ಬಂದ ಪತ್ರಕರ್ತರನ್ನು ತರಾಟೆಗೆ ತೆಗೆದುಕೊಳ್ಳುವ ದೃಶ್ಯ ಮನಸ್ಸಿನಲ್ಲಿ ನಿಲ್ಲುವಂಥದ್ದು. ಆದರೂ ನಮಗೆ ಎರಡೂ ಮಾತು ಅರೆಬರೆ ಅನ್ನಿಸಿತು. ಸುಳ್ಳು ಬರೆದ ಕೈ ಆತನದೇ. ಅದರಲ್ಲಿ ಅನುಮಾನವಿಲ್ಲ. ಟೆಟ್ಲಿಯನ್ನು ನೆನೆದರೆ ಅದನ್ನು ಮಾಫಿ ಮಾಡಲೂ ಬರುವುದಿಲ್ಲ. ಆದರೆ ಆತನಿಗೆ ಮರಳಿ ಬರುವ ಬಾಗಿಲನ್ನು ಎಲ್ಲರೂ ಸೇರಿ ಮುಚ್ಚಿದ್ದರು ಎಂಬುದೂ ಅಷ್ಟೇ ನಿಜ. ಸಾಹುಕಾರ ಕರಾರಿನಿಂದ ಮುಚ್ಚಿದ, ಪ್ರಚಾರದವನು ಹೊಗಳಿಕೆಯಿಂದ ಮುಚ್ಚಿದ, ಊರಿನವರು ಬ್ಯಾಂಡು ಬಾರಿಸಿ ಮುಚ್ಚಿದರು. ಎಲ್ಲಿ ಮರಳುವ ಬಾಗಿಲು ಮುಚ್ಚುತ್ತದೆಯೋ ಅಲ್ಲಿ ಸುಳ್ಳಿನ ಪುಸ್ತಕ ತೆರೆಯುತ್ತದೆ. ಇದೇ ನಾವು ಹೇಳಬೇಕೆಂದಿರುವ ಮಾತು.

ಸಿನಿಮಾ ಸರಿಯಾಗಿ ಹೇಳದ ಇನ್ನೊಂದು ವಿಷಯವಿದೆ. ಆ ಪಂದ್ಯಕ್ಕೆ ಹೊರಟವರು ಒಂಬತ್ತು ಮಂದಿ. ಪೂರ್ತಿ ಮಾಡಿದ್ದು ಒಬ್ಬರೇ. ಜಾನ್ ರಿಜ್‌ವೇ, ಚೇ ಬ್ಲೈತ್, ಬಿಲ್ ಕಿಂಗ್, ಫುಜೆರೋನ್, ಕರೋಟ್ಸೊ ಇವರೆಲ್ಲ ದೋಣಿ ಕೆಟ್ಟಿತು, ಆರೋಗ್ಯ ಕೆಟ್ಟಿತು, ಆಗುವುದಿಲ್ಲ ಅಂತ ನಡುವೆಯೇ ಬಿಟ್ಟರು. ಫ್ರೆಂಚ್ ನಾವಿಕ ಮೊಯ್ತೆಸಿಯೆ ಗೆಲ್ಲುವ ಸ್ಥಿತಿಯಲ್ಲಿದ್ದೂ ಪಂದ್ಯದ ಗೊಡವೆಯೇ ಬೇಡ ಅಂತ ತಾಹಿತಿಯ ಕಡೆಗೆ ದೋಣಿ ತಿರುಗಿಸಿದ. ಬಿಟ್ಟವರಿಗೆ ಏನಾಯಿತು? ಏನೂ ಆಗಲಿಲ್ಲ. ಹೊರಡುವಾಗ ದೋಣಿ ನಡೆಸುವುದೇ ಸರಿಯಾಗಿ ಗೊತ್ತಿರದಿದ್ದ ಚೇ ಬ್ಲೈತ್, 1971ರಲ್ಲಿ ಗಾಳಿಗೆ ಎದುರಾಗಿ, ಪಶ್ಚಿಮ ದಿಕ್ಕಿಗೆ, ನಿಲ್ಲದೆ ಭೂಮಿ ಸುತ್ತಿದ ಮೊದಲಿಗನಾದ. ಬಿಟ್ಟು ಬಂದದ್ದಕ್ಕೇ ಮತ್ತೆ ಹೋಗಲು ಆತ ಉಳಿದಿದ್ದ.

ಪೂರ್ತಿ ಮಾಡಿದ ಒಬ್ಬರು ರಾಬಿನ್ ನಾಕ್ಸ್-ಜಾನ್‌ಸ್ಟನ್. ಅವರ ದೋಣಿ 'ಸುಹೇಲಿ' ತಯಾರಾದದ್ದು ನಮ್ಮ ಮುಂಬಯಿಯಲ್ಲಿ, ಸಾಗವಾನಿ ಕಟ್ಟಿಗೆಯಲ್ಲಿ. 32 ಅಡಿಯ ಸಣ್ಣ, ನಿಧಾನದ ದೋಣಿ. ದಾರಿಯಲ್ಲಿ ಅವರ ರೇಡಿಯೊ ಕೆಟ್ಟು ತಿಂಗಳುಗಟ್ಟಲೆ ಸುದ್ದಿಯೇ ಇರಲಿಲ್ಲ, ಮುಳುಗಿದರೇನೋ ಅಂದುಕೊಂಡವರೂ ಇದ್ದರು. 1969ರ ಏಪ್ರಿಲ್ 22ರಂದು ಬಂದು ಮುಟ್ಟಿದರು. ಅವರಿಗೆ ಸಿಕ್ಕ 5000 ಪೌಂಡನ್ನು ಕ್ರೌಹರ್ಸ್ಟನ ಹೆಂಡತಿ ಮಕ್ಕಳಿಗೆ ಕೊಟ್ಟರು. ಆತನನ್ನು ಕಠೋರವಾಗಿ ಅಳೆಯಬೇಡಿ ಅಂತಲೂ ಹೇಳಿದರು. ಸಮುದ್ರ ಅಂದರೆ ಏನು ಅಂತ ಗೊತ್ತಿದ್ದವರ ಮಾತು ಅದು.

ಈಗ ನಮ್ಮವರ ಕಡೆ ಬರೋಣ. ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ನದಿಯ ಬಗ್ಗೆ ಮೂರು ರಾಜ್ಯಗಳು ಎಷ್ಟೋ ವರ್ಷ ಜಗಳವಾಡಿದ್ದು ನಿಮಗೆ ಗೊತ್ತು. ಅದೇ ನದಿಯ ಹೆಸರನ್ನು, ಗೋವೆಯವರು ಕರೆಯುವಂತೆ 'ಮ್ಹಾದೇಯಿ' ಅಂತ, ನಮ್ಮ ನೌಕಾಪಡೆ ತನ್ನ 56 ಅಡಿಯ ಹಾಯಿದೋಣಿಗೆ ಇಟ್ಟಿತು. ದೋಣಿ ಕಟ್ಟಿದ್ದೂ ಗೋವೆಯಲ್ಲೇ. ಅದರಲ್ಲಿ 2009-10ರಲ್ಲಿ ದಿಲೀಪ್ ದೋಂಡೆ ನಾಲ್ಕು ಕಡೆ ನಿಂತು ಒಬ್ಬರೇ ಭೂಮಿ ಸುತ್ತಿ ಬಂದರು. ಹಾಗೆ ಮಾಡಿದ ಮೊದಲ ಭಾರತೀಯ. 2012-13ರಲ್ಲಿ ಅಭಿಲಾಷ್ ಟೋಮಿ ಎಲ್ಲಿಯೂ ನಿಲ್ಲದೆ ಸುತ್ತಿದರು.

ಅದೇ ಅಭಿಲಾಷ್ ಟೋಮಿ 2018ರಲ್ಲಿ, ಹಳೆಯ ಗೋಲ್ಡನ್ ಗ್ಲೋಬ್ ಪಂದ್ಯದ 50ನೇ ವರ್ಷಕ್ಕೆ ಅದೇ ಹಳೆಯ ರೀತಿಯಲ್ಲಿ ಮತ್ತೆ ನಡೆದ ಪಂದ್ಯಕ್ಕೆ ಇಳಿದರು. ದೋಣಿ 'ತುರಿಯ', ಸುಹೇಲಿಯ ಪಡಿಯಚ್ಚು, ಗೋವೆಯಲ್ಲಿ ಮಾಡಿದ್ದು. ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿ ದೋಣಿಯನ್ನು ಮಗುಚಿತು. ಹಾಯಿಕಂಬ ಮುರಿಯಿತು, ಬೆನ್ನುಮೂಳೆಗೆ ಭಾರಿ ಪೆಟ್ಟಾಯಿತು. ದೋಣಿ ಉರುಳಿತು, ಕಂಬ ಮುರಿಯಿತು, ಬೆನ್ನಿಗೆ ಪೆಟ್ಟು, ಏಳಲಾಗುತ್ತಿಲ್ಲ ಅಂತ ಅವರು ಸಂದೇಶ ಕಳಿಸಿದರು. ಮೂರು ದಿನದ ಮೇಲೆ ಫ್ರಾನ್ಸಿನ 'ಒಸಿರಿಸ್' ಹಡಗು ಅವರನ್ನು ಎತ್ತಿಕೊಂಡಿತು. ಬೆನ್ನಿಗೆ ಶಸ್ತ್ರಚಿಕಿತ್ಸೆಯಾಗಿ ಲೋಹದ ಸರಳು ಹಾಕಿದರು. ಮತ್ತೆ ನಡೆಯುವುದನ್ನೇ ಕಲಿಯಬೇಕಾಯಿತು. ಮತ್ತೆ 2022ರ ಸೆಪ್ಟೆಂಬರಿನಲ್ಲಿ ಅದೇ ಪಂದ್ಯಕ್ಕೆ ಹೊರಟರು. 236 ದಿನಗಳ ನಂತರ, 2023ರ ಏಪ್ರಿಲ್ 29ರಂದು, ಎರಡನೆಯವರಾಗಿ ಬಂದು ಮುಟ್ಟಿದರು. ಮೊದಲು ಬಂದವರು ದಕ್ಷಿಣ ಆಫ್ರಿಕಾದ ಮಹಿಳೆ ಕರ್ಸ್ಟನ್ ನಾಯ್‌ಶೇಫರ್.

ಮೂವರನ್ನೂ ಒಂದು ಕಡೆ ಇಟ್ಟು ನೋಡಿ. ರೇಡಿಯೊ ಕೆಟ್ಟವರು ಮನೆಗೆ ಬಂದರು. 'ಏಳಲಾಗುತ್ತಿಲ್ಲ' ಅಂತ ಸಂದೇಶ ಕಳಿಸಿದವರು ಉಳಿದು, ಇನ್ನೊಮ್ಮೆ ಹೋಗಿ ಬಂದರು. ಸಂದೇಶ ಕಳಿಸಲು ಆಗುತ್ತಿದ್ದೂ 'ನನ್ನಿಂದ ಆಗುತ್ತಿಲ್ಲ' ಅನ್ನುವ ಒಂದು ಮಾತನ್ನು ಮಾತ್ರ ಕಳಿಸಲಾರದವನು ಬರಲಿಲ್ಲ. ಟೋಮಿ ಅವರ ಬೆನ್ನಿಗೆ ದೇಶದ ನೌಕಾಪಡೆ ಇತ್ತು, ಬಿಟ್ಟರೆ ಮನೆ ಹರಾಜಾಗುತ್ತಿರಲಿಲ್ಲ ಅಂತ ನೀವು ಹೇಳಬಹುದು. ನಮ್ಮ ಮಾತೂ ಅದೇ. ಧೈರ್ಯ ಎನ್ನುವುದು ಒಬ್ಬನ ಎದೆಯೊಳಗೆ ಮಾತ್ರ ಇರುವ ವಸ್ತುವಲ್ಲ. ಹಿಂದೆ ನಿಂತವರು ಎಂಥವರು ಎಂಬುದರ ಮೇಲೆಯೂ ಅದು ನಿಂತಿರುತ್ತದೆ.

ಕೊಲ್ಲಾಪುರದವರಿಗೆ ಸೋಲು ಹೊಸದಲ್ಲ. ಶಾಹೂ ಮಹಾರಾಜರ ಕಾಲದ ಖಾಸಬಾಗ ಮೈದಾನದಲ್ಲಿ ಕುಸ್ತಿ ನೋಡಿದವರಿಗೆ ಗೊತ್ತು. ಬೆನ್ನು ಮಣ್ಣಿಗೆ ಹತ್ತಿತೋ ಚಿತ್ ಆದ. ಸಾವಿರಾರು ಕಣ್ಣು ನೋಡಿರುತ್ತವೆ. ಅಲ್ಲಿ ಸುಳ್ಳು ಬರೆಯಲು ಪುಸ್ತಕವಿಲ್ಲ, ಬೇಕಾಗುವುದೂ ಇಲ್ಲ. ಸೋತ ಪೈಲವಾನ ಮಣ್ಣು ಕೊಡವಿಕೊಂಡು ಎದ್ದು, ವಸ್ತಾದರ ಕಾಲು ಮುಟ್ಟಿ, ಮರುದಿನ ಬೆಳಿಗ್ಗೆ ಮತ್ತೆ ತಾಲೀಮಿಗೆ ಹೋಗುತ್ತಾನೆ. ಗಡಹಿಂಗ್ಲಜದ ಫುಟ್‌ಬಾಲ್ ಹುಡುಗರೂ ಅಷ್ಟೇ, ಐದು ಗೋಲು ತಿಂದು ಮರುದಿನ ಅದೇ ಮೈದಾನಕ್ಕೆ ಬರುತ್ತಾರೆ. ಕಷ್ಟ ಇರುವುದು ನೋಡುವ ಕಣ್ಣಿಲ್ಲದ ಜಾಗದಲ್ಲಿ. ನಡುಸಮುದ್ರ ಅಂಥ ಒಂದು ಜಾಗ. ಬಾಗಿಲು ಹಾಕಿದ ವರ್ಗಕೋಣೆ ಇನ್ನೊಂದು. ಅಲ್ಲಿ ಏನಾಯಿತು ಎಂಬುದಕ್ಕೆ ಪುಸ್ತಕವೇ ಸಾಕ್ಷಿ.

2011ರ ಅಕ್ಟೋಬರ್ 3ರಿಂದ 5ರ ವರೆಗೆ ಮಹಾರಾಷ್ಟ್ರ ಸರಕಾರ ರಾಜ್ಯದ ಶಾಲೆಗಳಲ್ಲೆಲ್ಲ ಏಕಕಾಲಕ್ಕೆ 'ಪಟಪಡತಾಳಣಿ' ನಡೆಸಿದ್ದು ನಮ್ಮ ವಾರಿಗೆಯ ಶಿಕ್ಷಕರಿಗೆಲ್ಲ ನೆನಪಿದೆ. ಒಂದೇ ಮಗುವನ್ನು ಎರಡು ಕಡೆ ಎಣಿಸಬಾರದೆಂದು ಮತದಾನದ ಶಾಯಿಯನ್ನು ಮಕ್ಕಳ ಬೆರಳಿಗೆ ಹಚ್ಚಿದರು. ಹಾಜರಿ ಪುಸ್ತಕದಲ್ಲಿದ್ದೂ ಬೆಂಚಿನ ಮೇಲಿಲ್ಲದ ಲಕ್ಷಗಟ್ಟಲೆ ಹೆಸರುಗಳು ಹೊರಬಿದ್ದವು. ಅವುಗಳಲ್ಲಿ ಬಹಳಷ್ಟು ಶುದ್ಧ ಕಳ್ಳತನ, ಅನುದಾನ ನುಂಗುವ ದಂಧೆ. ಅದಕ್ಕೆ ನಾವು ವಕಾಲತ್ತು ಮಾಡುವುದಿಲ್ಲ. ಆದರೆ ಸಂಖ್ಯೆ ಕಡಿಮೆಯಾದರೆ ಶಿಕ್ಷಕನ ಹುದ್ದೆ ಹೋಗುತ್ತದೆ, ಶಾಲೆಯೇ ಮುಚ್ಚುತ್ತದೆ ಎಂಬ ಹೆದರಿಕೆ ಇರುವಲ್ಲಿ ಪುಸ್ತಕ ಸುಳ್ಳಾಗುವುದು ಸುಲಭ ಎಂಬುದನ್ನೂ ಹೇಳಬೇಕು. 20ಕ್ಕಿಂತ ಕಡಿಮೆ ಪಟಸಂಖ್ಯೆಯ ಶಾಲೆಗಳನ್ನು ಕೂಡಿಸಿ ಸಮೂಹ ಶಾಲೆ ಮಾಡುವ ಮಾತು 2023ರಲ್ಲಿ ಎದ್ದಾಗ ಗಡಿಭಾಗದ ಸಣ್ಣ ಕನ್ನಡ ಶಾಲೆಗಳ ಎದೆ ಹೇಗೆ ಹೊಡೆದುಕೊಂಡಿತು ಎಂಬುದು ನಮಗೆ ಗೊತ್ತು.

ಹೆಸರಿನ ಸುಳ್ಳಿಗಿಂತ ದೊಡ್ಡದು ಕಲಿಕೆಯ ಸುಳ್ಳು. 'ಅಸರ್' ಸಮೀಕ್ಷೆಯವರು 2005ರಿಂದ ಹಳ್ಳಿ ಹಳ್ಳಿ ತಿರುಗಿ ಹೇಳುತ್ತಾ ಬಂದದ್ದು ಒಂದೇ. ದೇಶದ ಹಳ್ಳಿಗಳಲ್ಲಿ ಐದನೇ ಇಯತ್ತೆಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎರಡನೇ ಇಯತ್ತೆಯ ಪಾಠ ಓದಲು ಬರುವುದಿಲ್ಲ. ಆದರೆ ಇದೇ ಮಕ್ಕಳ ಪ್ರಗತಿ ಪತ್ರ ತೆಗೆದು ನೋಡಿ. 'ಉತ್ತಮ', 'ಸಮಾಧಾನಕರ'. ಪುಸ್ತಕದ ಪ್ರಕಾರ ಮಗು ದಕ್ಷಿಣ ಸಾಗರ ದಾಟಿದೆ, ನಿಜವಾಗಿ ಅದು ಇನ್ನೂ ಹೊರಟ ಬಂದರಿನ ಹತ್ತಿರವೇ ಸುತ್ತುತ್ತಿದೆ. ಮುಂದಿನ ಇಯತ್ತೆಯ ಶಿಕ್ಷಕ ಆ ಪುಸ್ತಕ ನಂಬಿ ಪಾಠ ಓಡಿಸುತ್ತಾನೆ. ಮಗು ಹಿಂದೆ ಬೀಳುತ್ತದೆ, ಶಿಕ್ಷಕ ಮಗುವನ್ನೇ ಬೈಯುತ್ತಾನೆ. ನೈಜೆಲ್ ಟೆಟ್ಲಿಯ ದೋಣಿ ಒಡೆದದ್ದು ಹೀಗೆಯೇ ಅಲ್ಲವೇ?

ಗಡಿಯಲ್ಲಿ ಇರುವ ನಮಗೆ ಇನ್ನೊಂದು ನೋಟ ದಿನನಿತ್ಯದ್ದು. ಗಡಹಿಂಗ್ಲಜ ತಾಲೂಕಿನ ಗಡಿ ಹಳ್ಳಿಗಳಲ್ಲಿ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಇಚಲಕರಂಜಿಯ ಮಗ್ಗದ ಓಣಿಗಳಲ್ಲಿ ದುಡಿಯಲು ಬಂದ ಎಷ್ಟೋ ಕುಟುಂಬಗಳ ಕಥೆಯೂ ಅದೇ. ಕನ್ನಡ ಶಾಲೆಯಲ್ಲಿ ಚೆನ್ನಾಗಿ ಓದುತ್ತಿದ್ದ ಹುಡುಗನನ್ನು ಅಪ್ಪ ಸಾಲ ಮಾಡಿ ಇಂಗ್ಲಿಷ್ ಶಾಲೆಗೆ ಹಾಕುತ್ತಾನೆ. ಹೊರಡುವ ದಿನ ಹೊಸ ಬೂಟು, ಟೈ, ಓಣಿಯವರ ಮೆಚ್ಚುಗೆ. ಅಲ್ಲಿ ಹುಡುಗನಿಗೆ ಒಂದಕ್ಷರ ತಿಳಿಯುವುದಿಲ್ಲ. ಆದರೆ ಮನೆಗೆ ಬಂದು 'ಅಪ್ಪಾ, ನನಗ ತಿಳೀವಲ್ದು' ಅಂತ ಹೇಗೆ ಹೇಳಿಯಾನು? ಫೀ ಕಟ್ಟಿ ಆಗಿದೆ. ನಾಲ್ಕು ಮಂದಿಗೆ ಹೇಳಿ ಆಗಿದೆ. ಹುಡುಗ ಮೂರನೇ ದಾರಿ ಹಿಡಿಯುತ್ತಾನೆ. ಗೆಳೆಯನ ವಹಿ ನೋಡಿ ಬರೆಯುತ್ತಾನೆ, ಅಂಕಪಟ್ಟಿ ಮುಚ್ಚಿಡುತ್ತಾನೆ, ಹೊಟ್ಟೆನೋವು ಅನ್ನುತ್ತಾನೆ. ರೇಡಿಯೊ ಬಂದ್ ಮಾಡುತ್ತಾನೆ. ಹತ್ತನೆಯ ಪರೀಕ್ಷೆಯ ಫಲಿತಾಂಶ ಬಂದ ವಾರ ಪೇಪರಿನ ಒಳಪುಟದಲ್ಲಿ ಬರುವ ಸಣ್ಣ ಸುದ್ದಿಗಳನ್ನು ನಾವು ಇಲ್ಲಿ ಬಿಡಿಸಿ ಹೇಳುವುದಿಲ್ಲ. ನಿಮಗೆ ಗೊತ್ತಿದೆ.

ಇದು ಮಕ್ಕಳದಷ್ಟೇ ಮಾತೂ ಅಲ್ಲ. ಇಚಲಕರಂಜಿಯಲ್ಲಿ ಮನೆ ಒತ್ತೆ ಇಟ್ಟು ನಾಲ್ಕು ಮಗ್ಗ ಹಾಕಿದವನನ್ನು ಕೇಳಿ. ನೂಲಿನ ದರ ಏರಿ ಬಟ್ಟೆಯ ದರ ಇಳಿದಾಗ ಮಗ್ಗ ನಿಲ್ಲಿಸುವುದೇ ಜಾಣತನ ಅಂತ ಅವನಿಗೆ ಗೊತ್ತಿರುತ್ತದೆ. ನಿಲ್ಲಿಸಿದರೆ ಪತಸಂಸ್ಥೆಯವರು ಬಾಗಿಲಿಗೆ ಬರುತ್ತಾರೆ, ಬೀಗರು ನಗುತ್ತಾರೆ. ಅದಕ್ಕೇ ಒಂದು ಸಾಲ ತೀರಿಸಲು ಇನ್ನೊಂದು ಸಾಲ. ಕೇಳಿದವರಿಗೆಲ್ಲ 'ಧಂದೆ ಜೋರೈತಿ' ಎಂಬ ಉತ್ತರ. ಸ್ಟ್ಯಾನ್ಲಿ ಬೆಸ್ಟನ ಕರಾರು ಎಲ್ಲ ಊರಲ್ಲೂ ಇದೆ.

'ಹೀಗೆ ಮರಳಿ ಬರುವುದನ್ನೇ ಹೊಗಳಿದರೆ ಮಕ್ಕಳು ಪಟ್ಟು ಹಿಡಿಯುವುದನ್ನು ಕಲಿಯುವುದು ಯಾವಾಗ ಸರ್?' ಅಂತ ನಮ್ಮ ಕೆಲವು ಸಹೋದ್ಯೋಗಿಗಳೇ ಕೇಳುತ್ತಾರೆ. ಮುಂದಿಟ್ಟ ಹೆಜ್ಜೆ ಹಿಂದಿಡಬಾರದು ಅಂತ ಹಿರಿಯರು ಹೇಳಿದ್ದು ಸುಳ್ಳೇ? ಒಳ್ಳೆಯ ಪ್ರಶ್ನೆ. ಪಟ್ಟು ಬೇಕು. ಸಣ್ಣ ಕಷ್ಟಕ್ಕೆ ಬಿಟ್ಟು ಓಡುವವನಿಗೆ ನಮ್ಮ ಹೊಗಳಿಕೆ ಇಲ್ಲ. ಆದರೆ ಪಟ್ಟು ಹಿಡಿಯಲು ಮೊದಲು ತಾನು ಎಲ್ಲಿದ್ದೇನೆ ಎಂಬುದು ತಿಳಿದಿರಬೇಕು. ನಕ್ಷೆಯ ಮೇಲೆ ಸುಳ್ಳು ಚುಕ್ಕೆ ಇಟ್ಟವನಿಗೆ ಮುಂದೆ ಹೋಗುವ ದಾರಿಯೂ ಸಿಗುವುದಿಲ್ಲ. 'ನನಗೆ ಭಾಗಾಕಾರ ಬರುವುದಿಲ್ಲ' ಅಂತ ಹೇಳಿದ ಮಗುವಿಗೆ ನಾಳೆಯಿಂದ ಭಾಗಾಕಾರ ಕಲಿಸಬಹುದು. 'ಬರುತ್ತದೆ' ಅಂತ ಮುಚ್ಚಿಟ್ಟ ಮಗುವಿಗೆ ಯಾರು ಏನು ಕಲಿಸಿಯಾರು? ಮರಳಿ ಬರುವವರು ಹೇಡಿಗಳೆಂದಾದರೆ ಅಭಿಲಾಷ್ ಟೋಮಿಯವರನ್ನು ಏನೆಂದು ಕರೆಯೋಣ?

ಹಾಗಾದರೆ ಏನು ಮಾಡಬೇಕು? ದೊಡ್ಡ ಯೋಜನೆ ಏನೂ ಬೇಡ. ನಮ್ಮ ಕೈಯಲ್ಲೇ ಇರುವ ಮೂರು ಕೆಲಸ ಹೇಳುತ್ತೇವೆ.

ಮೊದಲನೆಯದು ಶಿಕ್ಷಕರಿಗೆ. ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದನ್ನು ಇದ್ದದ್ದು ಇದ್ದಂತೆ ಬರೆಯೋಣ. 'ಜೋಡಕ್ಷರ ಬಂದಿಲ್ಲ' ಅಂತ ಬರೆದರೆ ಅದು ಮಗುವಿನ ಮೇಲಿನ ಚಾಡಿಯಲ್ಲ. ಮುಂದಿನ ಶಿಕ್ಷಕನಿಗೆ ಕೊಟ್ಟ ನಿಜವಾದ ಅಕ್ಷಾಂಶ ರೇಖಾಂಶ.

ಎರಡನೆಯದು ಮೇಲಿನವರಿಗೆ. ಕೇಂದ್ರ ಪ್ರಮುಖರಿಂದ ಹಿಡಿದು ಮೇಲೆ ಕೂತ ಸಾಹೇಬರ ವರೆಗೆ, ನಿಜ ಬರೆದ ಶಿಕ್ಷಕನಿಗೆ ನೋಟೀಸು, ಸುಳ್ಳು ಬರೆದವನಿಗೆ ಶಾಲು ಎಂಬ ರೂಢಿಯನ್ನು ಬಿಡಬೇಕು. ಕಡಿಮೆ ಅಂಕಿ ತೋರಿಸಿದ ಶಾಲೆಗೆ ಮೊದಲು ಪುಸ್ತಕ, ಸಮಯ, ಇನ್ನೊಬ್ಬ ಶಿಕ್ಷಕ ಬರಲಿ. ಆಮೇಲೆ ಪ್ರಶ್ನೆ ಬರಲಿ. ನೂರಕ್ಕೆ ನೂರು ಬೇಕೇ ಬೇಕು ಅಂತ ಪಟ್ಟು ಹಿಡಿದರೆ ನೂರಕ್ಕೆ ನೂರು ಸಿಗುತ್ತದೆ. ಪುಸ್ತಕದಲ್ಲಿ.

ಮೂರನೆಯದು ನಮಗೆಲ್ಲರಿಗೂ. ಇಂಗ್ಲಿಷ್ ಶಾಲೆಯಿಂದಲೋ ಮರಾಠಿ ಶಾಲೆಯಿಂದಲೋ ಅರ್ಧಕ್ಕೆ ಬಿಟ್ಟು ಕನ್ನಡ ಶಾಲೆಗೆ ಮರಳಿ ಬಂದ ಮಗುವನ್ನು ಬಾಗಿಲಲ್ಲಿ ನಿಲ್ಲಿಸಿ 'ಯಾಕ, ಸಾಹೇಬ ಆಗಲಿಕ್ಕೆ ಹೋಗಿದ್ದೆಲ್ಲಾ?' ಅಂತ ಚುಚ್ಚಬಾರದು. ಆ ಒಂದು ಮಾತು ಕೇಳಿಸಿಕೊಂಡ ಉಳಿದ ಮಕ್ಕಳು ಮುಂದೆ ಎಂದೂ ನಿಜ ಹೇಳುವುದಿಲ್ಲ. 'ಬಾ ತಮ್ಮಾ, ಕೂಡ್ರು. ಎಲ್ಲಿ ತನಕ ಆಗೈತಿ ಹೇಳು, ಅಲ್ಲಿಂದ ಶುರು ಮಾಡೋಣ' ಅನ್ನಲು ಖರ್ಚೇನೂ ಇಲ್ಲ.

ಸಾಧ್ಯವಾದರೆ 'ದ ಮರ್ಸಿ' ನೋಡಿ. ದೊಡ್ಡ ಮಕ್ಕಳ ಜೊತೆ ಕೂತು ನೋಡಿದರೆ ಇನ್ನೂ ಒಳ್ಳೆಯದು, ಆದರೆ ಕೊನೆಯಾದ ಮೇಲೆ ಅವರನ್ನು ಹಾಗೆಯೇ ಎದ್ದು ಹೋಗಲು ಬಿಡಬೇಡಿ. ಮಾತಾಡಿ. 'ಸುಳ್ಳು ಹೇಳಬಾರದು' ಎಂಬ ನೀತಿ ಹೇಳಿ ಮುಗಿಸಬೇಡಿ. ಅದು ಅವರಿಗೆ ಒಂದನೇ ಇಯತ್ತೆಯಿಂದಲೇ ಬಾಯಿಪಾಠ. ಆ ಮನುಷ್ಯ ನವೆಂಬರಿನಲ್ಲೇ ದೋಣಿ ತಿರುಗಿಸಿಕೊಂಡು ಬಂದಿದ್ದರೆ ದಂಡೆಯ ಮೇಲೆ ನಿಂತ ನಾವು ಏನು ಅನ್ನುತ್ತಿದ್ದೆವು ಅಂತ ಕೇಳಿ. ಅದಕ್ಕೆ ಮಕ್ಕಳು ಕೊಡುವ ಉತ್ತರದಲ್ಲಿ ನಮ್ಮ ಮನೆ, ನಮ್ಮ ಶಾಲೆ ಎಂಥದ್ದು ಎಂಬುದು ನಮಗೇ ಗೊತ್ತಾಗುತ್ತದೆ.